ಅಪ್‌ಡೇಟ್: ಕೊನೆಗೂ ಅವನಿಗೆ ಉತ್ತರ ಕೊಟ್ಟೆ

ಆರು ವರ್ಷಗಳ ಗೆಳೆಯನನ್ನು ಮದುವೆಯಾಗಲೇ, ಬಿಡಲೇ, ಎರಡರಲ್ಲಿ ಯಾವುದನ್ನು ಆರಿಸಿದರೂ ಮುಂದೆ ಪರಿತಪಿಸುವೆನೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞಳು.

ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಕಂಡುಕೊಂಡದ್ದನ್ನು ಒಬ್ಬರು ತಿಳಿಸಿದ್ದಿರಿ: ಮಾಡಿದ ತಪ್ಪು ಆ ಹೊತ್ತಿಗೆ ಚುಚ್ಚುತ್ತದೆ, ಕಾಲ ಸರಿದಂತೆ ಮಾಡದೆ ಬಿಟ್ಟದ್ದೇ ಹೆಚ್ಚು ಕಾಡುತ್ತದೆ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸು ಗಟ್ಟಿಯಾಗಲೆಂದು ನಾನು ಕಾದಷ್ಟೂ ದಿನ ಅವನ ಬದುಕೂ ನಿಂತೇ ಇತ್ತು. ಅದು ಅನ್ಯಾಯ.

ಭಾನುವಾರ ಅವನೆದುರು ಕುಳಿತು, ಭಯವನ್ನೆಲ್ಲ ಹೇಳಿಕೊಂಡು, ಒಪ್ಪಿಗೆ ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ನನಗೂ ಅಷ್ಟೇ ಭಯವಿದೆ" ಎಂದ. ಅಳು ಬಂತು. ಅಂಜಿಕೆ ಪೂರ್ತಿ ಹೋಗಿಲ್ಲ. ಈ ವಾರ ಇಬ್ಬರೂ ಹೋಗಿ ಅವನ ತಾಯಿಯೊಂದಿಗೆ ಮಾತನಾಡುತ್ತೇವೆ.