ಎಲೆಯುದುರುವ ಕಾಡಿನಲ್ಲಿ ಸಸಿಗಳಿವೆ, ದೊಡ್ಡ ಮರಗಳಿವೆ, ನಡುವಿನ ಎಳೆಮರಗಳು ಮಾತ್ರ ಇಲ್ಲ. ಏಕೆ?

ಪ್ರಶ್ನೆ: ಗುಂಡ್ಲುಪೇಟೆ ಕಡೆಯ ಶಿಕ್ಷಕ

ನಾನು ಬಂಡೀಪುರದ ಕಾಡಂಚಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಪರಿಸರ ಸಂಘದ ಮಕ್ಕಳು ಊರ ಗೋಮಾಳಕ್ಕೆ ಹೊಂದಿಕೊಂಡ ಕಾಡಿನ ತುಣುಕಿನಲ್ಲಿ ಮರಗಳ ಪಟ್ಟಿ ಮಾಡುತ್ತಿದ್ದಾರೆ. ಮತ್ತಿ, ದಿಂಡಿಗ, ಹೊನ್ನೆ, ತೇಗದ ದೊಡ್ಡ ಮರಗಳು ಅಲ್ಲಿ ಸಾಕಷ್ಟಿವೆ. ಮಳೆಗಾಲದಲ್ಲಿ ಅವುಗಳ ಕೆಳಗೆ, ಹುಲ್ಲಿನ ನಡುವೆ, ಅದೇ ಜಾತಿಗಳ ಮೊಣಕಾಲೆತ್ತರದ ಸಸಿಗಳೂ ಕಾಣಸಿಗುತ್ತವೆ. ಆದರೆ ಇವೆರಡರ ನಡುವಿನ ಹಂತ, ಅಂದರೆ ಮಣಿಕಟ್ಟಿನಷ್ಟೋ ತೋಳಿನಷ್ಟೋ ದಪ್ಪವಿರುವ ಎಳೆಮರಗಳು, ಹುಡುಕಿದರೂ ಬೆರಳೆಣಿಕೆಯಷ್ಟೇ. ಹಿಂದಿನ ತಂಡದ ಮಕ್ಕಳು ಬಣ್ಣ ಬಳಿದು ಗುರುತಿಟ್ಟ ಸಸಿಗಳು ಈಗಲೂ ಹೆಚ್ಚು ಕಡಿಮೆ ಅದೇ ಎತ್ತರದಲ್ಲಿವೆ ಎಂಬುದು ನಮ್ಮನ್ನು ಇನ್ನಷ್ಟು ಯೋಚನೆಗೆ ಹಚ್ಚಿದೆ.

ಈ ಕಾಡು ಮುದಿಯಾಗುತ್ತಿದೆಯೇ? ಈಗಿರುವ ದೊಡ್ಡ ಮರಗಳು ಬಿದ್ದರೆ ಅವುಗಳ ಜಾಗವನ್ನು ತುಂಬುವವರು ಯಾರು? ಮುಂಗಾರಿಗೆ ಮೊದಲು ಬೀಜದುಂಡೆಗಳನ್ನು ತಯಾರಿಸಿ ಎರಚಬೇಕೆಂದು ಮಕ್ಕಳು ಉತ್ಸಾಹದಿಂದಿದ್ದಾರೆ. ಅದರಿಂದ ಪ್ರಯೋಜನವಿದೆಯೇ, ಅಥವಾ ಅವರ ಶ್ರಮವನ್ನು ಬೇರೆ ಕೆಲಸಕ್ಕೆ ತಿರುಗಿಸಬೇಕೇ? ಕಾಡಿನಲ್ಲಿ ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಕಾಡುಗಣತಿ

ಮೇಷ್ಟ್ರೇ, ನಿಮ್ಮ ಮಕ್ಕಳು ಗಮನಿಸಿರುವುದು ಒಣ ಎಲೆಯುದುರುವ ಕಾಡಿನ ಬಹು ಮುಖ್ಯ ಲಕ್ಷಣವನ್ನೇ. ಕಾರಣ ಹೇಳುವ ಮೊದಲು ಅವರಿಂದ ಒಂದು ಕೆಲಸ ಮಾಡಿಸಿ. ಆ ಮೊಣಕಾಲೆತ್ತರದ ಹೊನ್ನೆ ಸಸಿಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಬುಡದ ಮಣ್ಣನ್ನು ಬೆರಳಿನಿಂದ ಮೂರು ನಾಲ್ಕು ಅಂಗುಲ ಮೆಲ್ಲಗೆ ಸರಿಸಲಿ. ಮೇಲಿನ ಕಾಂಡ ಪೆನ್ಸಿಲಿನಷ್ಟು ತೆಳ್ಳಗಿದ್ದರೂ ಮಣ್ಣಿನೊಳಗೆ ಹೆಬ್ಬೆರಳಿಗಿಂತ ದಪ್ಪನಾದ, ಗಂಟುಗಂಟಾದ ಬುಡ ಸಿಗುವ ಸಾಧ್ಯತೆಯೇ ಹೆಚ್ಚು. ಅದರ ಸುತ್ತ ಹಿಂದಿನ ವರ್ಷಗಳಲ್ಲಿ ಸತ್ತುಹೋದ ಕಾಂಡಗಳ ಮೋಟುಗಳಿರುತ್ತವೆ; ಕೆಲವು ಕರಕಲಾಗಿರುತ್ತವೆ, ಕೆಲವನ್ನು ಹೊಸ ತೊಗಟೆ ಮುಕ್ಕಾಲು ಪಾಲು ಮುಚ್ಚಿರುತ್ತದೆ. ನೋಡಿದ ಮೇಲೆ ಮಣ್ಣನ್ನು ಮತ್ತೆ ಮುಚ್ಚಿ ಅದುಮಿಬಿಡಲಿ.

ಆ ಗಂಟು ಹೇಳುವುದಿಷ್ಟು: ನೀವು ಕಳೆದ ಮಳೆಗಾಲದ ಸಸಿ ಎಂದುಕೊಂಡಿರುವುದರ ಬೇರಿಗೆ ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಆಗಿರಬಹುದು. ಬೇಸಿಗೆಯ ಒಣಹವೆ, ಬೆಂಕಿ ಅಥವಾ ಜಿಂಕೆಯ ಬಾಯಿಗೆ ಮೇಲಿನ ಕಾಂಡ ಹೋದಾಗ, ಬೇರಿನಲ್ಲಿ ಕೂಡಿಟ್ಟ ಪಿಷ್ಟದ ಬಲದಿಂದ ಮುಂದಿನ ಮಳೆಗೆ ಹೊಸ ಕಾಂಡ ಹೊರಡುತ್ತದೆ, ಮತ್ತೆ ಸಾಯುತ್ತದೆ, ಮತ್ತೆ ಚಿಗುರುತ್ತದೆ. ಹೊನ್ನೆಯಲ್ಲಿ ಇದು ಎದ್ದು ಕಾಣುತ್ತದೆ. ಉತ್ತರ ಭಾರತದ ಸಾಲ ಮರದಲ್ಲಿ ಇದೇ ವರ್ತನೆಯನ್ನು ಅರಣ್ಯಾಧಿಕಾರಿಗಳು ಬ್ರಿಟಿಷರ ಕಾಲದಿಂದಲೇ ದಾಖಲಿಸಿದ್ದಾರೆ. ಹಾಗಾಗಿ ಎತ್ತರವನ್ನು ನೋಡಿ ಸಸಿಯ ವಯಸ್ಸನ್ನು ಹೇಳಲು ಈ ಕಾಡಿನಲ್ಲಿ ಸಾಧ್ಯವೇ ಇಲ್ಲ.

ಆಗುಂಬೆಯಂಥ ನಿತ್ಯಹಸಿರು ಕಾಡಿನಲ್ಲೂ ಸಸಿಗಳು ವರ್ಷಗಟ್ಟಲೆ ಕಾಯುತ್ತವೆ, ಆದರೆ ಅವು ಕಾಯುವುದು ಬೆಳಕಿಗಾಗಿ. ದೊಡ್ಡ ಮರವೊಂದು ಉರುಳಿ ಮೇಲೆ ಕಿಂಡಿ ತೆರೆದಾಗ ಅವುಗಳ ಸರದಿ ಬರುತ್ತದೆ. ನಿಮ್ಮ ಕಾಡಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೇಲ್ಛಾವಣಿಯೇ ಬೋಳಾಗುವುದರಿಂದ ಬೆಳಕು ಅಷ್ಟು ದೊಡ್ಡ ತಡೆಯಲ್ಲ. ಇಲ್ಲಿನ ತಡೆ ನೀರು ಮತ್ತು ಬೆಂಕಿ. ಹುಲ್ಲಿನ ಬೆಂಕಿಯ ಜ್ವಾಲೆ ಮುಟ್ಟದ ಎತ್ತರಕ್ಕೆ ತುದಿಮೊಗ್ಗು ಏರಬೇಕು, ಒಳಗಿನ ಜೀವಂತ ಪದರವನ್ನು ಕಾಯುವಷ್ಟು ತೊಗಟೆ ದಪ್ಪವಾಗಬೇಕು; ಎರಡೂ ಆಗುವ ಮುನ್ನ ಇನ್ನೊಂದು ಬೆಂಕಿ ಬಂದರೆ ಸಸಿ ಮತ್ತೆ ನೆಲಮಟ್ಟಕ್ಕೇ ಮರಳುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಪಕ್ಕದಲ್ಲೇ ಇದೆ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರಿನ ಶಾಶ್ವತ ಅಧ್ಯಯನ ತಾಕೊಂದನ್ನು ಗುರುತಿಸಿ, ಎದೆಯೆತ್ತರದಲ್ಲಿ 1 ಸೆಂಟಿಮೀಟರಿಗಿಂತ ಹೆಚ್ಚು ದಪ್ಪವಿರುವ ಪ್ರತಿಯೊಂದು ಮರಕ್ಕೂ ಸಂಖ್ಯೆ ಕೊಟ್ಟರು. ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ 1980ರ ಸುಮಾರಿಗೆ ಹಬೆಲ್ ಮತ್ತು ಫಾಸ್ಟರ್ ಆರಂಭಿಸಿದ ತಾಕಿನ ಅಳತೆಯೂ ಇಷ್ಟೇ, ಎಣಿಸುವ ಕ್ರಮವೂ ಇದೇ. ಆ ತೇವದ ಕಾಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಂಡಗಳು ಸಿಕ್ಕರೆ ಮುದುಮಲೆಯಲ್ಲಿ ಸಿಕ್ಕಿದ್ದು ಇಪ್ಪತ್ತಾರು ಸಾವಿರದ ಆಸುಪಾಸು. ಎಳೆಯ ಕಾಂಡಗಳ ಕೊರತೆಯೇ ಈ ಅಂತರದ ದೊಡ್ಡ ಭಾಗ. 1989 ಮತ್ತು 1996ರ ನಡುವೆ ಮುದುಮಲೆಯ ತಾಕಿಗೆ ಹಲವು ಸಲ ಬೆಂಕಿ ಬಿತ್ತು. ಸಣ್ಣ ಕಾಂಡಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು, ದೊಡ್ಡ ಮರಗಳಿಗೆ ಅಂಥ ಹಾನಿಯೇನೂ ಆಗಲಿಲ್ಲ. ಬೆಂಕಿಯ ನಡುವಿನ ಅಂತರ ಹೆಚ್ಚಿದ ವರ್ಷಗಳಲ್ಲಿ ಸಣ್ಣ ಕಾಂಡಗಳ ಸಂಖ್ಯೆ ಮತ್ತೆ ಏರಿತು. ಹೀಗೆ ಗಣತಿಗೆ ಹೊಸದಾಗಿ ಸೇರಿದವುಗಳಲ್ಲಿ ಬಹಳಷ್ಟು ನೆಲದೊಳಗೆ ಮೊದಲೇ ಇದ್ದ ಬೇರುಗಳಿಂದ ಎದ್ದವು ಎಂಬುದನ್ನು ನೆನಪಿಡಬೇಕು.

ಬೆಂಕಿಯೊಂದೇ ಕಾರಣವಲ್ಲ. ದಾಸವಾಳದ ಕುಟುಂಬಕ್ಕೆ ಸೇರಿದ ಕೈಡಿಯಾ ಎಂಬ ಸಣ್ಣ ಮರ ಮೊದಲ ಗಣತಿಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿತ್ತು. ಅದರ ನಾರುತೊಗಟೆ ಆನೆಗಳಿಗೆ ಇಷ್ಟವಾದದ್ದು. ಆನೆಗಳು ಕಾಂಡ ಮುರಿದು ತೊಗಟೆ ಸುಲಿದುದರ ಮೇಲೆ ಬೆಂಕಿಯೂ ಸೇರಿ, ಕೆಲವೇ ವರ್ಷಗಳಲ್ಲಿ ಆ ಜಾತಿಯ ಬಹುಪಾಲು ಅಲ್ಲಿಂದ ಕಾಣೆಯಾಯಿತು.

ಆದ್ದರಿಂದ ನನ್ನ ಉತ್ತರ ಹೀಗಿದೆ: ನಿಮ್ಮ ಕಾಡಿನಲ್ಲಿ ಬೀಜಕ್ಕೂ ಕೊರತೆಯಿಲ್ಲ, ಸಸಿಗೂ ಕೊರತೆಯಿಲ್ಲ. ಕೊರತೆ ಇರುವುದು ಬೆಂಕಿಯಿಲ್ಲದೆ ಸತತವಾಗಿ ಸಿಗಬೇಕಾದ ನಾಲ್ಕೈದು ವರ್ಷಗಳಿಗೆ.

ಉತ್ತರ 2: ಪೋಡಿನ ಹುಡುಗ

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಬೆಂಕಿಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದನ್ನು ಸೇರಿಸಲೇಬೇಕು. ನಮ್ಮ ಹಿರಿಯರು ಹಾಕುತ್ತಿದ್ದುದು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲೇ, ಎಲೆ ಆಗಷ್ಟೇ ಉದುರಿ ನೆಲದಲ್ಲಿ ಇನ್ನೂ ತುಸು ತೇವ ಉಳಿದಿರುವಾಗ, ತರಗೆಲೆಯನ್ನು ಮಾತ್ರ ತಗ್ಗಾಗಿ ಸುಟ್ಟುಕೊಂಡು ಹೋಗುವ ಬೆಂಕಿ ಅದು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮರದೆತ್ತರಕ್ಕೆ ಏಳುವ ಬೆಂಕಿಯನ್ನು ಇದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

1974ರಲ್ಲಿ ನಮ್ಮ ಕಾಡು ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಆಮೇಲೆ ಕಾಡಿನಲ್ಲಿ ಎರಡು ಬದಲಾವಣೆಗಳಾದವು ಎಂದು ಹಿರಿಯರು ಹೇಳುತ್ತಾರೆ. ಒಂದು, ನೆಲ್ಲಿ ಮರಗಳ ಮೇಲೆ ಉಪ್ಪಿಲು, ಅಂದರೆ ಬದನಿಕೆ, ವಿಪರೀತವಾಗಿ ಹಬ್ಬಿ ಫಲ ಕೊಡುವ ಮರಗಳೇ ಒಣಗತೊಡಗಿದವು. ಎರಡನೆಯದು ಲಂಟಾನ ಎಂಬ ಕಳೆಪೊದೆ. ಅದರ ಸಣ್ಣ ಸಸಿಗಳು ಮೊದಲು ತರಗು ಬೆಂಕಿಗೆ ಸಾಯುತ್ತಿದ್ದವು. ಬೆಂಕಿ ನಿಂತಾಗ ಅವು ಪೊದೆಗಳಾದವು, ಪೊದೆಗಳು ಬಲಿತ ಮೇಲೆ ಬೆಂಕಿ ಬಿದ್ದರೂ ಬುಡದಿಂದ ಮತ್ತೆ ಚಿಗುರತೊಡಗಿದವು. 1997 ಮತ್ತು 2008ರಲ್ಲಿ ಇಡೀ ಬೆಟ್ಟದ ಕಾಡಿನಲ್ಲಿ ಒಂದೇ ಜಾಗಗಳಲ್ಲಿ ಸಮೀಕ್ಷೆ ನಡೆದಾಗ, ಲಂಟಾನ ಇರುವ ಜಾಗಗಳ ಸಂಖ್ಯೆ ಈ ಅವಧಿಯಲ್ಲಿ ಸುಮಾರು ಎರಡರಷ್ಟಾಗಿದ್ದುದು ಕಂಡುಬಂತು. ಸಮೀಕ್ಷೆಯ ಜಾಗಗಳಲ್ಲಿ ಕೆಲವನ್ನು ತಲುಪಲು ಈಗ ಮಚ್ಚಿನಿಂದ ದಾರಿ ಬಿಡಿಸಿಕೊಂಡು ಹೋಗಬೇಕು.

ಮೇಷ್ಟ್ರ ಪ್ರಶ್ನೆಗೆ ಇದರ ಸಂಬಂಧವಿದೆ. ಹುಲ್ಲಿನ ನಡುವೆ ಸುಟ್ಟ ಸಸಿ ಮುಂದಿನ ಮಳೆಗೆ ಚಿಗುರಲು ಅದಕ್ಕೆ ಬೆಳಕಾದರೂ ಸಿಗುತ್ತದೆ. ಲಂಟಾನದ ಕೆಳಗೆ ವರ್ಷವಿಡೀ ಕತ್ತಲೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯದೆ ಆ ಕೂಡಿಟ್ಟ ಗಂಟು ಕರಗುತ್ತಾ ಹೋಗುತ್ತದೆ. ಅದರ ಜೊತೆಗೆ, ಲಂಟಾನದ ಒಣಕಡ್ಡಿಗಳನ್ನು ಹತ್ತಿ ಬೆಂಕಿ ಮೇಲಕ್ಕೇರುವುದರಿಂದ ದೊಡ್ಡ ಮರಗಳ ಕೊಂಬೆಗಳೂ ಬೇಯುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಉರಿದಾಗ ಅಂಥ ಜಾಗಗಳಲ್ಲಿ ಬೆಂಕಿಯನ್ನು ಸೊಪ್ಪಿನಿಂದ ಬಡಿದು ಆರಿಸುವವರಿಗೆ ಹತ್ತಿರ ಹೋಗುವುದೇ ಕಷ್ಟವಾಗಿತ್ತು. ತರಗು ಬೆಂಕಿಯನ್ನು ಇವತ್ತಿನ ಕಾಡಿಗೆ ಹಾಗೆಯೇ ಹಾಕಿ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಇಷ್ಟು ಲಂಟಾನ ನಿಂತಿರುವಾಗ ಅದು ತಗ್ಗಿನಲ್ಲಿ ಉಳಿಯುವುದಿಲ್ಲ. ಮೊದಲು ಲಂಟಾನ ಹೋಗಬೇಕು. ಆಮೇಲೆ ಎಲ್ಲಿ, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ನಮ್ಮವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು.

ಮರುಪ್ರಶ್ನೆ: ಗುಂಡ್ಲುಪೇಟೆ ಕಡೆಯ ಶಿಕ್ಷಕ

ಇಬ್ಬರಿಗೂ ನಮಸ್ಕಾರಗಳು. ನಮ್ಮ ಜಾಗದಲ್ಲಿ ಕಾಲುಭಾಗದಷ್ಟು ಲಂಟಾನವಿದೆ, ಉಳಿದಲ್ಲಿ ಹುಲ್ಲು. ಬೇಸಿಗೆಯಲ್ಲಿ ಆಡು, ದನ ಮೇಯುತ್ತವೆ. ಹಾಗಿದ್ದರೆ ಬೀಜದುಂಡೆಯ ಯೋಚನೆಯನ್ನು ಕೈಬಿಡಬೇಕೇ? ಸಸಿಗಳನ್ನು ಮಕ್ಕಳು ಕ್ರಮವಾಗಿ ಅಳೆಯುವುದಾದರೆ ಏನನ್ನು, ಯಾವಾಗ ಅಳೆಯಬೇಕು?

ಉತ್ತರ 3: ನಿವೃತ್ತ ಫಾರೆಸ್ಟರ್

ಬೀಜದುಂಡೆಯನ್ನು ಬರಿಯ ಗುಡ್ಡದಲ್ಲಿ, ತಾಯಿಮರಗಳೇ ಇಲ್ಲದ ಕಡೆ ಪ್ರಯತ್ನಿಸುವುದಕ್ಕೆ ಅರ್ಥವಿದೆ. ತಾಯಿಮರಗಳು ತಲೆಯ ಮೇಲೆಯೇ ಇರುವ ಕಾಡಿಗೆ ಅದು ಬೇಡ. ಯಾವ ಬೀಜ ಎಂಬುದೂ ಮುಖ್ಯ. ನೇರಳೆ ಬೀಜ ಒಣಗಿದರೆ ಸಾಯುತ್ತದೆ, ಹಣ್ಣಾದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ; ಅದನ್ನು ಉಂಡೆ ಕಟ್ಟಿ ಬಿಸಿಲಿನಲ್ಲಿ ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ಎರಚುವುದು ಬರೀ ಮಣ್ಣನ್ನೇ. ದಿಂಡಿಗದ ಬೀಜ ಮುಷ್ಟಿಗಟ್ಟಲೆ ಸಿಕ್ಕರೂ ಬಹುಪಾಲು ಜೊಳ್ಳು. ನೆಲ್ಲಿಗೆ ನಮ್ಮ ಸಹಾಯಕ್ಕಿಂತ ಜಿಂಕೆಯ ಸಹಾಯ ದೊಡ್ಡದು: ಅದು ಹಣ್ಣು ನುಂಗಿ, ಮೆಲುಕು ಹಾಕುವಾಗ ಗಟ್ಟಿ ಓಟೆಯನ್ನು ತಾಯಿಮರದಿಂದ ದೂರ ಉಗುಳುತ್ತದೆ. ಇನ್ನು ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅನುಮತಿಯಿಲ್ಲದೆ ಯಾವ ಬೀಜವನ್ನೂ ಎರಚಬಾರದು ಎಂಬುದನ್ನು ಮಕ್ಕಳಿಗೆ ಈಗಲೇ ತಿಳಿಸಿ.

ಶ್ರಮವನ್ನು ಲಂಟಾನದ ಕಡೆಗೆ ತಿರುಗಿಸಿ. ಅದನ್ನು ನೆಲಮಟ್ಟದಲ್ಲಿ ಸವರಿದರೆ ಮಳೆಗೆ ಎರಡರಷ್ಟು ಚಿಗುರುತ್ತದೆ. ಮಣ್ಣಿನಿಂದ ಎರಡು ಮೂರು ಅಂಗುಲ ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಕಡೆ ಗುದ್ದಲಿ ಹಾಕಿ ಕತ್ತರಿಸಬೇಕು. ಪೊದೆಯನ್ನು ಎತ್ತಿ, ಬೇರು ಮೇಲಾಗುವಂತೆ ಬುಡಮೇಲಾಗಿ ಇಡಬೇಕು; ಹಾಗಿಟ್ಟರೆ ಮತ್ತೆ ನೆಲಕ್ಕೆ ಬೇರೂರುವುದಿಲ್ಲ. ಕಾಯಿ ಕಟ್ಟುವ ಮೊದಲು ಈ ಕೆಲಸ ಮುಗಿಯಬೇಕು. ಗುದ್ದಲಿಯ ಕೆಲಸವನ್ನು ಊರಿನ ದೊಡ್ಡವರೇ ಮಾಡಲಿ, ಒಳಗೆ ಸಿಕ್ಕಿಕೊಂಡಿರುವ ಮತ್ತಿ, ಹೊನ್ನೆ ಸಸಿಗಳಿಗೆ ಗುರುತಿನ ಪಟ್ಟಿ ಕಟ್ಟುವುದನ್ನು ಮಕ್ಕಳು ಮೊದಲೇ ಮಾಡಿಟ್ಟರೆ ಅವು ಏಟಿನಿಂದ ಉಳಿಯುತ್ತವೆ. ಪಿಕಳಾರದಂಥ ಹಕ್ಕಿಗಳು ಕೂರುವ ಮರಗಳ ಕೆಳಗೆ ಹೊಸ ಲಂಟಾನ ಹುಟ್ಟುತ್ತಲೇ ಇರುವುದರಿಂದ ಪ್ರತಿ ಮಳೆಗಾಲದ ಕೊನೆಗೆ ಅಂಥ ಮರಗಳ ಬುಡ ನೋಡಿ ಕೀಳಬೇಕು. ಮೂರು ವರ್ಷ ಹೀಗೆ ಮಾಡುವ ನಿರ್ಧಾರವಿಲ್ಲದಿದ್ದರೆ ಮೊದಲ ವರ್ಷದ ಕೆಲಸವೂ ವ್ಯರ್ಥವಾಗುತ್ತದೆ.

ಮೇಯುವುದನ್ನು ಪೂರ್ತಿ ನಿಲ್ಲಿಸಬೇಕೆಂದು ನಾನು ಹೇಳಲಾರೆ. ದನ ಹುಲ್ಲು ಮೇಯುವುದರಿಂದ ಬೇಸಿಗೆಯ ಬೆಂಕಿಗೆ ಸೌದೆ ಕಡಿಮೆಯಾಗುತ್ತದೆ. ಆಡು ಮಾತ್ರ ಚಿಗುರನ್ನೇ ಹುಡುಕಿ ತಿನ್ನುತ್ತದೆ. ಊರಿನವರ ಜೊತೆ ಮಾತನಾಡಿ ಆಡುಗಳನ್ನು ಒಂದು ಮಗ್ಗುಲಿಗೆ ಸೀಮಿತಗೊಳಿಸಿದರೆ ಸಾಕು. ಡಿಸೆಂಬರ್ ಮುಗಿಯುವುದರೊಳಗೆ ಜಾಗದ ಸುತ್ತ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಸವರಿಸಿಬಿಡಿ.

ಅಳತೆಯ ವಿಷಯ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕಗಳನ್ನು ಹುಲ್ಲಿರುವ ಕಡೆ, ಲಂಟಾನವಿರುವ ಕಡೆ, ಲಂಟಾನ ತೆಗೆದ ಕಡೆ ಸಮನಾಗಿ ಹಾಕಿ. ಬಣ್ಣದ ಗುರುತು ಬೆಂಕಿಗೆ ಹೋಗುತ್ತದೆ, ಆದ್ದರಿಂದ ಪ್ರತಿ ಸಸಿಯ ಪಕ್ಕ ಸಂಖ್ಯೆ ಕೆತ್ತಿದ ಬಿಲ್ಲೆ ಕಟ್ಟಿದ ಕಬ್ಬಿಣದ ಕಡ್ಡಿ ನೆಡಿ. ಎತ್ತರಕ್ಕಿಂತ ಮಣ್ಣಿನ ಮಟ್ಟದಲ್ಲಿನ ಬುಡದ ದಪ್ಪ ಮುಖ್ಯ. ಅದನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯುವುದನ್ನು ನಿಮ್ಮ ಪ್ರಯೋಗಾಲಯದಲ್ಲೇ ಕಲಿಸಬಹುದು. ಕಾಂಡಗಳ ಸಂಖ್ಯೆ, ಅವುಗಳಲ್ಲಿ ಉದ್ದನೆಯದರ ಎತ್ತರ, ತುದಿ ಒಣಗಿದೆಯೇ, ಮೆಂದ ಗುರುತಿದೆಯೇ, ಸುಟ್ಟ ಗುರುತಿದೆಯೇ ಎಂಬುದನ್ನು ಜೊತೆಗೇ ಬರೆಯಿರಿ. ಮಳೆಗಾಲ ಮುಗಿದ ನವೆಂಬರಿನಲ್ಲಿ ಒಮ್ಮೆ, ಮೇ ತಿಂಗಳ ಮೊದಲ ಮಳೆಗಳಿಗೆ ಚಿಗುರಿದ ಮೇಲೆ ಮತ್ತೊಮ್ಮೆ ಅಳೆದರೆ ಸಾಕು.

ಮೇ ತಿಂಗಳ ಪಟ್ಟಿಯಲ್ಲಿ ಯಾವ ಸಸಿಯ ಮುಂದೆಯೂ ‘ಸತ್ತಿದೆ’ ಎಂದು ಬರೆಯಲು ಮಕ್ಕಳಿಗೆ ಬಿಡಬೇಡಿ, ‘ಕಾಂಡವಿಲ್ಲ’ ಎಂದಷ್ಟೇ ಬರೆಸಿ. ಕೆಲವು ಒಂದಿಡೀ ಮಳೆಗಾಲ ಮೇಲಕ್ಕೆ ಬಾರದೆ ಮರುವರ್ಷ ಚಿಗುರುತ್ತವೆ. ಎರಡು ಮಳೆಗಾಲ ಕಳೆದರೂ ಚಿಗುರದಿದ್ದರೆ ಆಗ ಕಡ್ಡಿ ಕಿತ್ತು ಆ ಸಂಖ್ಯೆಯನ್ನು ಪಟ್ಟಿಯಿಂದ ತೆಗೆಯಬಹುದು.