ಜಿಂಕೆ ಬೇಟೆಗೆ ಮೊದಲ ರೈಫಲ್: ಯಾವ ಕ್ಯಾಲಿಬರ್ ತೆಗೆದುಕೊಳ್ಳಲಿ?

ಪ್ರಶ್ನೆ: ಬೇಟೆಯ ಲೈಸೆನ್ಸ್ ಸಿಕ್ಕಿದೆ. ಈಗ ಮೊದಲ ರೈಫಲ್ ಕೊಳ್ಳಬೇಕು, ಜಿಂಕೆಗೆ ಮಾತ್ರ. ಒಬ್ಬರು .243 ಕ್ಯಾಲಿಬರ್ (ಗುಂಡಿನ ದಪ್ಪ, ಸುಮಾರಾಗಿ ಇಂಚಿನಲ್ಲಿ) ಸಾಕು ಅನ್ನುತ್ತಾರೆ, ಇನ್ನೊಬ್ಬರು .30-06ಕ್ಕಿಂತ ಕಡಿಮೆ ಬೇಡವೇ ಬೇಡ ಅನ್ನುತ್ತಾರೆ. ದೂರ ಹೆಚ್ಚೆಂದರೆ 200 ಗಜ. ಬಳಸಿದವರು ಹೇಳಿ.

ಉತ್ತರ: ಸರ್, ಅಷ್ಟು ದೂರಕ್ಕೆ .243 ವಿಂಚೆಸ್ಟರ್, 6.5 ಮಿ.ಮೀ. ಕ್ರೀಡ್‌ಮೂರ್, .270, .308, .30-06 ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ನೀವು ನೋಡಬೇಕಾದ್ದು ಒದೆತ, ಅಂದರೆ ಗುಂಡು ಹಾರಿದಾಗ ರೈಫಲ್ ಭುಜಕ್ಕೆ ಕೊಡುವ ಪೆಟ್ಟು. ರೈಫಲ್ ತೂಕ ಒಂದೇ ಇದ್ದರೆ .243ರ ಒದೆತ .30-06ರದ್ದರ ಹೆಚ್ಚುಕಡಿಮೆ ಅರ್ಧ. ಒದೆತಕ್ಕೆ ಹೆದರಿದ ಕೈ ಗುಂಡು ಹೊರಡುವ ಮುಂಚೆಯೇ ನಳಿಗೆಯನ್ನು ಕೆಳಕ್ಕೆ ತಳ್ಳುತ್ತದೆ. ಹೊಸಬರಿಗೆ ನಾನು ರೇಂಜ್‌ನಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. ಅವರಿಗೆ ಗೊತ್ತಾಗದ ಹಾಗೆ ನಡುನಡುವೆ ಡಮ್ಮಿ (ಸಿಡಿಯದ) ತೋಟಾ ತುಂಬಿ ಕೊಡುತ್ತೇನೆ. ಬರೀ 'ಟಕ್' ಅಂದಾಗ ನಳಿಗೆಯ ತುದಿ ಅಲುಗದೆ ನಿಂತರೆ ಆ ಕ್ಯಾಲಿಬರ್ ಅವರಿಗೆ ಸರಿ. ತುದಿ ಬಗ್ಗಿದರೆ ಇನ್ನೂ ಸಣ್ಣದು ಕೊಡುತ್ತೇನೆ. ಕೊಳ್ಳುವ ಮುಂಚೆ ಯಾರದ್ದಾದರೂ ರೈಫಲ್‌ನಲ್ಲಿ ಇದನ್ನು ಮಾಡಿ ನೋಡಿ.

ಉತ್ತರ: .243 ಅಂತ ತೀರ್ಮಾನ ಆದರೆ ಗುಂಡಿನ ತೂಕ ನೋಡಿ ತೆಗೆದುಕೊಳ್ಳಿ. 55 ಗ್ರೇನ್‌ನ ಹಗುರ ಗುಂಡೂ ಸಿಗುತ್ತದೆ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ). ಅದು ಸಣ್ಣ ಪ್ರಾಣಿಗಳಿಗೆ ಮಾಡಿದ್ದು, ಜಿಂಕೆಯ ಭುಜದ ಮೇಲೇ ಒಡೆದು ಚೂರಾಗಬಹುದು. ಗಾಯಗೊಂಡ ಪ್ರಾಣಿ ಪೊದೆಯೊಳಗೆ ಓಡಿಹೋಗಿ ನರಳುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇನ್ನೊಂದಿಲ್ಲ. 95ರಿಂದ 100 ಗ್ರೇನ್‌ನ, ಒಳಗೆ ಹೋಗಿ ಅರಳುವ ಗುಂಡು ಇರಲಿ. .308ಕ್ಕೆ 150 ಗ್ರೇನ್ ಸರಿಯಾಗುತ್ತದೆ. ನಿಮ್ಮ ಕಡೆಯ ನಿಯಮವನ್ನೂ ಓದಿ. ಇಂಗ್ಲೆಂಡ್‌ನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240ಕ್ಕಿಂತ ಸಣ್ಣ ಕ್ಯಾಲಿಬರ್ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡೇ ನಿಷೇಧ. ಅಂದಹಾಗೆ, ಬೇರೆ ಬಗೆಯ ತೋಟಾಕ್ಕೆ ಬದಲಾಯಿಸಿದಾಗಲೆಲ್ಲ ಸ್ಕೋಪ್ (ಗುರಿಯಿಡುವ ದುರ್ಬೀನು) ಮತ್ತೆ ಹೊಂದಿಸಬೇಕು. ಅದೇ ರೈಫಲ್, ಆದರೂ ಗುಂಡು ಬೇರೆ ಕಡೆ ಬೀಳುತ್ತದೆ.

ಉತ್ತರ: ಕ್ಯಾಲಿಬರ್ ಬಗ್ಗೆ ಇಷ್ಟು ಮಾತಾಯಿತು, ರೈಫಲ್ ಮೈಗೆ ಹೊಂದಬೇಕು ಅಲ್ವಾ? ನಾನು ಕುಳ್ಳಿ, ಅದಕ್ಕೇ ಹೇಳುತ್ತಿದ್ದೇನೆ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕೇರಿಸಿ. ಕಣ್ಣು ಬಿಟ್ಟಾಗ ಸ್ಕೋಪ್‌ನಲ್ಲಿ ಪೂರ್ತಿ ದುಂಡಗಿನ ನೋಟ ಕಾಣಬೇಕು. ಕತ್ತು ಮುಂದೆ ಚಾಚಬೇಕಾಗಿ ಬಂದರೆ ಸ್ಟಾಕ್ (ಭುಜಕ್ಕೆ ಒತ್ತುವ ಹಿಂಭಾಗ) ಉದ್ದ ಜಾಸ್ತಿ ಅಂತ ಅರ್ಥ. ತೀರಾ ಹಗುರದ್ದೂ ಬೇಡ. ಹೊರಲು ಸುಲಭ, ಆದರೆ ಜೋರಾಗಿ ಒದೆಯುತ್ತದೆ. ಸಾದಾ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತೋಟಾ ಏರಿಸುವ ರೈಫಲ್) ಸಾಕು. ಸ್ಕೋಪ್ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ, ಜಿಂಕೆ ಹೊರಬರುವುದೇ ಮಬ್ಬು ಬೆಳಕಿನಲ್ಲಿ.

ಉಳಿದ ದುಡ್ಡಿಗೆ ತೋಟಾ ತಂದು ಅಭ್ಯಾಸ ಮಾಡಿ. ಸುಮ್ನೆ ಬೆಂಚ್ ಮೇಲಿಟ್ಟು ಹೊಡೆದರೆ ಸಾಲದು. ಕೂತು, ಮಂಡಿಯೂರಿ, ಕೋಲಿಗೆ ಆನಿಸಿ ಹೊಡೆಯಿರಿ. ಜಿಂಕೆಯ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು. ಅಷ್ಟಗಲದ ಕಾಗದ ಕತ್ತರಿಸಿ ಅಂಟಿಸಿ. ಎಷ್ಟು ದೂರದಿಂದ ಹೊಡೆದರೆ ಎಲ್ಲ ಗುಂಡೂ ಅದರೊಳಗೇ ಬೀಳುತ್ತವೋ ಅದೇ ನಿಮ್ಮ ದೂರ. ಅದು 120 ಗಜ ಅಂತಾದರೆ, 150 ಗಜದಲ್ಲಿ ನಿಂತ ಜಿಂಕೆಯನ್ನು ಅದರ ಪಾಡಿಗೆ ಬಿಡಿ.