ಪದಚರ್ಚೆ: ‘ಮಂಜಿನ ಕಾಯ’ಕ್ಕೆ ಬೇರೆ ಮಾತು ಇದೆಯಾ?

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗೋಡೆ ಪತ್ರಿಕೆಗೆ ಅರೊಕೊತ್ ಬಗ್ಗೆ ಬರೆಯುತ್ತಾ ಒಂದು ಪದ ಸಿಗದೆ ನಿಂತುಬಿಟ್ಟಿದ್ದೇನೆ.

ಅರೊಕೊತ್ ಅಂದರೆ ಪ್ಲೂಟೊದಿಂದಲೂ ಆಚೆ, ಸೂರ್ಯನಿಂದ ಸುಮಾರು 650 ಕೋಟಿ ಕಿಲೋಮೀಟರ್ ದೂರದಲ್ಲಿ ಸುತ್ತುವ ಪುಟ್ಟ ಕಾಯ. ಉದ್ದ ಸುಮಾರು 36 ಕಿಲೋಮೀಟರ್, ಹೆಚ್ಚುಕಡಿಮೆ ತೀರ್ಥಹಳ್ಳಿಯಿಂದ ಆಗುಂಬೆಗೆ ಬಸ್ಸಿನಲ್ಲಿ ಹೋದಷ್ಟು. 2019ರ ಜನವರಿ 1ರಂದು ನಾಸಾದ ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆ ಅದರ ಪಕ್ಕದಲ್ಲೇ, 3,500 ಕಿಲೋಮೀಟರ್ ಅಂತರದಲ್ಲಿ ಹಾದುಹೋಗಿ ಫೋಟೊ ತೆಗೆಯಿತು. ಎರಡು ಉಂಡೆ ಮೆಲ್ಲಗೆ ಬಂದು ಅಂಟಿಕೊಂಡ ಹಾಗಿದೆ. ದೊಡ್ಡದು ಕೈಯಲ್ಲಿ ತಟ್ಟಿದಂತೆ ಚಪ್ಪಟೆ. ಬಣ್ಣ ಕೆಂಪು.

ಇಂಥವನ್ನು ಇಂಗ್ಲಿಷಿನಲ್ಲಿ ‘ಐಸಿ ಬಾಡಿ’ ಅನ್ನುತ್ತಾರೆ. ಅದಕ್ಕೇ ‘ಮಂಜಿನ ಕಾಯ’ ಅಂತ ಬರೆದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, "ಮೇಡಂ, ಘಾಟಿ ಮಂಜಿನ ಥರಾನಾ? ಹಂಗಾದ್ರೆ ಅದರೊಳಗೇ ತೂರಿಕೊಂಡು ಹೋಗಬಹುದಿತ್ತಲ್ವಾ?" ಅಂದಳು. ಅವಳು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮಲ್ಲಿ ಮಂಜು ಅಂದರೆ ಬೆಳಿಗ್ಗೆ ತೋಟದ ಮೇಲೆ ಕೂತು, ಬಿಸಿಲು ಬಂದ ಕೂಡಲೇ ಕರಗುವಂಥದ್ದು. ಹಿಮ ಅಂದರೂ ಅದೇ. "ಹಿಮ ಬೀಳ್ತಿದೆ, ತಲೆಗೆ ಟವೆಲ್ ಸುತ್ಕೋ" ಅಂತ ಮನೆಯಲ್ಲಿ ದಿನಾ ಕೇಳುತ್ತೇವೆ.

ಮಂಜುಗಡ್ಡೆ ಅನ್ನೋಣ ಅಂದರೆ ಅದು ನೀರಿನದು, ಮೀನಿನ ಅಂಗಡಿಯ ಐಸ್. ಅರೊಕೊತ್ ಮೈಮೇಲೆ ನೀರಿನ ಗುರುತು ಸಿಕ್ಕಿದ್ದು ತೀರಾ ಕಡಿಮೆ. ಚೆನ್ನಾಗಿ ಕಂಡದ್ದು ಗಟ್ಟಿಯಾದ ಮೆಥನಾಲ್, ಒಂದು ಬಗೆಯ ಆಲ್ಕೋಹಾಲ್. ಆ ದೂರದ ಚಳಿಯಲ್ಲಿ ಮೀಥೇನ್, ನೈಟ್ರೋಜನ್‌ನಂಥ ಅನಿಲಗಳು ಕೂಡ ಕಲ್ಲಾಗಿ ಕೂರುತ್ತವೆ. ವಿಜ್ಞಾನಿಗಳು ಇವನ್ನೆಲ್ಲ ಐಸ್ ಅಂತಲೇ ಕರೆಯುತ್ತಾರೆ. ಹಾಗಾಗಿ ನೀರನ್ನು ನೆನಪಿಸದ ಮಾತು ಬೇಕು.

ಮೊದಲು ‘ಹೆಪ್ಪು’ ಹೊಳೆಯಿತು. ಆದರೆ ಹೆಪ್ಪು ಹಾಕಿದ ಹಾಲಿಗೆ ಬೆಚ್ಚಗಿರಬೇಕು. ಮಳೆಗಾಲದಲ್ಲಿ ಮೊಸರಿನ ಪಾತ್ರೆಯನ್ನು ಒಲೆ ಹತ್ತಿರ ಇಡದಿದ್ದರೆ ಬೆಳಿಗ್ಗೆಗೂ ಹಾಲು ಹಾಲಾಗಿಯೇ ಇರುತ್ತದೆ. ಹೆಪ್ಪುಗಟ್ಟುವುದು ಅಂತ ಪುಸ್ತಕದಲ್ಲಿದ್ದರೂ ಅಡುಗೆಮನೆಯ ಹೆಪ್ಪಿಗೂ ಚಳಿಗೂ ಆಗಿಬರುವುದಿಲ್ಲ.

ಆಮೇಲೆ ನೆನಪಾಗಿದ್ದು ‘ಹೆರೆ’. ಚಳಿಗಾಲದಲ್ಲಿ ತುಪ್ಪ ಹೆರೆಯುತ್ತದೆ. ಹೆರೆತ ತುಪ್ಪ, ಹೆರೆತುಪ್ಪ. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬೋರಲು ಹಾಕಿದರೂ ತೊಟ್ಟು ಬೀಳುವುದಿಲ್ಲ. "ಎಣ್ಣೆ ಹೆರೆತಿದೆ, ಬಚ್ಚಲೊಲೆ ಹತ್ರ ಇಡು" ಅನ್ನುತ್ತಾರೆ ಅಮ್ಮ. ನೀರಲ್ಲದ ವಸ್ತು, ಬರೀ ಚಳಿಗೆ ಗಟ್ಟಿಯಾಗುವುದು: ಅರೊಕೊತ್‌ನಲ್ಲಿ ಆಗಿರುವುದೂ ಇದೇ ಅಲ್ವಾ? ವೀರಗಲ್ಲು, ಒರೆಗಲ್ಲಿನ ಹಾಗೆ ‘ಹೆರೆಗಲ್ಲು’ ಅಂದರೆ ನನಗಂತೂ ತುಂಬಾ ಹಿಡಿಸುತ್ತದೆ.

ತೊಡಕು ಒಂದೇ. ಕಾಯಿ ಹೆರೆಯುವುದಕ್ಕೂ ಇದೇ ಮಾತು, ಹೆರೆಮಣೆ ಇದೆಯಲ್ಲ. ಹೆರೆಗಲ್ಲು ಅಂದರೆ ಏನನ್ನೋ ತುರಿಯುವ ಕಲ್ಲು ಅಂದುಕೊಂಡಾರೇ ಅನ್ನುವ ಅಳುಕು.

ಅರೊಕೊತ್ ಅನ್ನುವ ಹೆಸರು ಅಮೆರಿಕದ ಪೊವ್ಹಾಟನ್ ಮೂಲನಿವಾಸಿಗಳ ನುಡಿಯದು. ಬಾನು ಅಂತ ಅರ್ಥ. ಅವರ ಮನೆಮಾತು ಅಲ್ಲಿಯವರೆಗೆ ಹೋಗಿದೆ. ನಮ್ಮ ಮಕ್ಕಳೂ ಅದನ್ನು ಮನೆಮಾತಿನಲ್ಲೇ ಹೇಳಲಿ ಅಂತ ನನ್ನಾಸೆ.

ನಿಮ್ಮೂರಲ್ಲಿ ಎಣ್ಣೆ, ತುಪ್ಪ ಚಳಿಗೆ ಗಟ್ಟಿಯಾದರೆ ಏನಂತೀರಿ? ಸಾಗರ, ಹೊಸನಗರ, ಶೃಂಗೇರಿ ಕಡೆಯವರು ಖಂಡಿತ ಹೇಳಿ. ಹೆರೆಗಲ್ಲು ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರುವುದು ಹೆರೆತ ತುಪ್ಪವೋ, ಹೆರೆಮಣೆಯೋ?